ಗಸ್ತು ದೋಣಿಯ ಹೆಬ್ಬೆಟ್ಟು

ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸುವ ಅಂಟು ನಿಜದಲ್ಲಿ ಅಂಟೇ ಅಲ್ಲ. ನೀರಿನಷ್ಟು ತೆಳುವಾದ ಆ ದ್ರವ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಒಂದರೊಳಗೊಂದು ಬೆರೆತು, ಆರಿದ ಮೇಲೆ ಒಂದೇ ತುಂಡಾಗುತ್ತವೆ. ಇನ್ನೂ ಹಸಿಯಾಗಿರುವಾಗ ಅದರ ಮೇಲೆ ಬೆರಳಿಟ್ಟರೆ ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಉಳಿದುಬಿಡುತ್ತವೆ. ತೊಳೆದರೆ ಹೋಗುವ ಕಲೆಯಲ್ಲ ಅದು, ಉಜ್ಜಿಯೇ ತೆಗೆಯಬೇಕು.

ಇದು ನನಗೆ ಮೊದಲ ಶನಿವಾರವೇ ಗೊತ್ತಾಯಿತು. ಬಾಸ್ಕಿಂಗ್ ರಿಡ್ಜ್‌ನ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಒಂದು ಗಸ್ತು ದೋಣಿಯ ಒಡಲಿನ ಎರಡು ಹೋಳುಗಳನ್ನು ಕೂಡಿಸುತ್ತಿದ್ದೆ. ಹೋಳುಗಳು ಡಬ್ಬಿಯಲ್ಲಿರುವಾಗಲೇ ಸೊಟ್ಟಗಾಗಿದ್ದವು. ಮೂತಿ ಕೂಡಿದರೆ ಹಿಂಭಾಗ ಬಾಯಿ ಬಿಡುತ್ತಿತ್ತು. ಹಿಂಭಾಗ ಕೂಡಿದರೆ ಮೂತಿ. ಅಕ್ಕನ ಬಟ್ಟೆ ಕ್ಲಿಪ್ಪುಗಳು ಸಾಲದೆ ಕೈಯಲ್ಲೇ ಒತ್ತಿ ಹಿಡಿದೆ. ಸಂದಿಯಿಂದ ಅಂಟು ಜಿನುಗಿ ಹೆಬ್ಬೆರಳಿನಡಿಗೆ ಹರಿದದ್ದು ಗೊತ್ತಾಗಲಿಲ್ಲ. ಕೈ ತೆಗೆದಾಗ ದೋಣಿಯ ಪಕ್ಕೆಯ ಮೇಲೆ ನನ್ನ ಹೆಬ್ಬೆಟ್ಟು ಸುಳಿಸುಳಿಯಾಗಿ ಮೂಡಿತ್ತು.

ಕಾಫಿ ಹಿಡಿದು ಇಳಿದುಬಂದ ಭಾವ ಬಗ್ಗಿ ನೋಡಿ ನಕ್ಕರು. “ಸಿಕ್ಕಿಹಾಕ್ಕೊಂಡೆ ನೋಡು. ಕ್ರೈಮ್ ಸೀನ್‌ನಲ್ಲಿ ಎವಿಡೆನ್ಸ್ ಬಿಟ್ಟಿದ್ದೀಯ.”

“ನೀವು ಕೂತು ಮಾಡಿದ್ರೆ ನಿಮ್ಮ ಎವಿಡೆನ್ಸೇ ಇರ್ತಿತ್ತು, ಭಾವ.”

“ನಂಗೆಲ್ಲಿ ಟೈಮು? ನಿನ್ನ ಕೈ ಸೂಕ್ಷ್ಮ. ನಂದು ಕೀಬೋರ್ಡ್ ಕೈ.”

ಅಂದಿನ ಮಧ್ಯಾಹ್ನವೆಲ್ಲ ನೀರಿನಲ್ಲಿ ನೆನೆಸಿದ ಉಪ್ಪುಕಾಗದ ಹಿಡಿದು ನನ್ನ ಗುರುತನ್ನು ನಾನೇ ಉಜ್ಜಿ ಅಳಿಸಿದೆ. ಯಾರದೋ ಕಂಪನಿಯ ದೋಣಿಗಾಗಿ ನನ್ನ ಶನಿವಾರ ಸವೆಯಿತು.

ಯಾರದೋ ಎಂದೆ, ಸರಿಯಾಗಿ ಹೇಳಬೇಕು. ದೋಣಿ ಭಾವನ ಕಂಪನಿಯದು. ಹೋಬೋಕನ್‌ನ ಅಪಾರ್ಟ್‌ಮೆಂಟಿನಲ್ಲಿದ್ದಷ್ಟು ಕಾಲ ಅವರು ಫೆರಿ ಹತ್ತಿ ಮ್ಯಾನ್‌ಹಟನ್‌ನ ಬ್ಯಾಂಕೊಂದಕ್ಕೆ ಕಮ್ಯೂಟ್ ಮಾಡುತ್ತಿದ್ದರು. ಗ್ರೀನ್ ಕಾರ್ಡ್ ಬಂದ ಮೇಲೆ ಕೆಲಸ ಬದಲಿಸಿ ಈ ಕಡೆ ಮನೆ ಕೊಂಡರು. ಹೊಸ ಕೆಲಸವನ್ನು ನಮ್ಮ ಮನೆಯವರೆಲ್ಲ ‘ಶಿಪ್ ಕಂಪನಿ’ ಎನ್ನುತ್ತಿದ್ದರು. ನನ್ನ ಕಲ್ಪನೆಯಲ್ಲಿ ಕಂಟೇನರ್ ಹೊತ್ತ ಹಡಗುಗಳಿದ್ದವು. ನ್ಯೂವಾರ್ಕ್ ಬಂದರಿನ ಕ್ರೇನುಗಳಿದ್ದವು. ಆ ಕಂಪನಿಯಲ್ಲೊಂದು ಸಂಪ್ರದಾಯವಂತೆ: ಒಂದು ಪ್ರಾಜೆಕ್ಟ್ ಮುಗಿದರೆ ಅದರಲ್ಲಿ ದುಡಿದ ಪ್ರತಿಯೊಬ್ಬರಿಗೂ ಅದೇ ದೋಣಿಯ ಪ್ಲಾಸ್ಟಿಕ್ ಕಿಟ್ ಕೊಡುತ್ತಾರೆ. ಮನೆಯವರೊಂದಿಗೆ ಕೂತು ಜೋಡಿಸಿ ತಂದರೆ ಅದನ್ನು ಲಾಬಿಯ ಮೇಜಿನ ಮೇಲೆ ಇಡುತ್ತಾರೆ. ಡಬ್ಬಿಯ ಮೇಲೆ ಬಣ್ಣದ ಚಿತ್ರ: ನೊರೆ ಸೀಳಿಕೊಂಡು ನುಗ್ಗುವ ಬೂದು ದೋಣಿ, ನಾಲ್ವರು ನಾವಿಕರು, ಮುಂಭಾಗದಲ್ಲಿ ಒಂದು ಬಂದೂಕು. ಬಂದೂಕಿನ ಮೂತಿ ಡಬ್ಬಿಯ ಅಂಚಿನಾಚೆಗೆ ತಿರುಗಿದೆ. ಅಂಚಿನಾಚೆ ಯಾರಿದ್ದಾರೆ ಎಂಬುದನ್ನು ತೋರಿಸಲು ಚಿತ್ರಕಾರನಿಗೆ ಜಾಗ ಸಾಲಲಿಲ್ಲ.

ನಾನು ಪಿಸ್ಕಾಟವೇಯಲ್ಲಿ ಸಾರ್ವಜನಿಕ ಆಡಳಿತ ಓದುತ್ತ, ಖರ್ಚಿಗೆ ಕಿರಿಯ ತರಗತಿಯೊಂದಕ್ಕೆ ಪಾಠವನ್ನೂ ಮಾಡುತ್ತಿರುವವಳು. ವಾರವಿಡೀ ಹೊಣೆಗಾರಿಕೆಯ ಬಗ್ಗೆ ಓದಿ, ಹೊಣೆಗಾರಿಕೆಯ ಬಗ್ಗೆ ಬರೆದು, ಶನಿವಾರ ಭಾವನ ಕಾರಿನಲ್ಲಿ ಅಕ್ಕನ ಮನೆಗೆ ಬಂದು ಹುಳಿ-ಅನ್ನ ಉಣ್ಣುತ್ತಿದ್ದೆ. ಪ್ರತಿಯಾಗಿ ಏನಾದರೂ ಮಾಡಬೇಕೆನಿಸಿ ಕಿಟ್ ಕೈಗೆತ್ತಿಕೊಂಡೆ. ಕೆಲಸ ಹಿಡಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೂದಲಿನಷ್ಟು ಸಣ್ಣ ಕಟಕಟೆಯ ಸರಳುಗಳನ್ನು ಚೌಕಟ್ಟಿನಿಂದ ಕತ್ತರಿಸುವಾಗ ಮೂರರಲ್ಲಿ ಒಂದು ಮುರಿಯುತ್ತಿತ್ತು. ಇಕ್ಕಳದಿಂದ ಜಾರಿದ ತುಂಡುಗಳನ್ನು ಕಾರ್ಪೆಟ್ ನುಂಗುತ್ತಿತ್ತು. ನಾನು ಮೊಣಕಾಲೂರಿ ಟಾರ್ಚ್ ಬಿಟ್ಟು ಹುಡುಕುತ್ತಿದ್ದೆ. ಅಕ್ಕ ಮೆಟ್ಟಿಲ ಮೇಲಿಂದ “ಮನೆಯೆಲ್ಲ ನೇಲ್ ಪಾಲಿಶ್ ವಾಸನೆ ಕಣೆ, ಕಿಟಕಿ ತೆಗಿ” ಎಂದು ಕೂಗುತ್ತಿದ್ದಳು. ಬೇಸ್‌ಮೆಂಟಿನ ಕಿಟಕಿ ಅಂಗೈಯಗಲ ಮಾತ್ರ ತೆರೆಯುತ್ತಿತ್ತು.

ಆದರೂ ದೋಣಿ ದೋಣಿಯಾಯಿತು. ಒಡಲು, ಡೆಕ್ಕಿನ ಅಟ್ಟ, ಕ್ಯಾಬಿನ್, ಬಂದೂಕು, ಬೂದು ಬಣ್ಣ. ಕ್ಯಾಬಿನ್ನಿನ ಮೇಲೊಂದು ಕಂಬ. ಉಳಿದದ್ದು ಕಂಬದ ತುದಿಗೆ ಕೂರಿಸಬೇಕಾದ, ಬಟಾಣಿಯಷ್ಟು ದಪ್ಪದ ಒಂದು ಗುಂಡು. ಅದರ ಹೊಟ್ಟೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಚಿಕ್ಕದೊಂದು ಕಣ್ಣು. ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದ ಭಾನುವಾರ ಭಾವ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

“ಇದು! ಇದು ನಮ್ಮದು ಕಣೆ!”

“ನಿಮ್ಮದು ಅಂದ್ರೆ?”

“ಕ್ಯಾಮೆರಾ ಬಾಲ್. ಇದರೊಳಗಿನ ಸಾಫ್ಟ್‌ವೇರ್ ನಮ್ಮ ಟೀಮ್‌ದು. ಕತ್ತಲೆ, ಮಂಜು, ಅಲೆ, ಏನೇ ಇರ್ಲಿ. ನೀರಿನ ಮೇಲೆ ಏನು ಅಲುಗಾಡಿದ್ರೂ ಹಿಡ್ಕೊಳ್ಳುತ್ತೆ. ಒಂದ್ಸಲ ಹಿಡ್ಕೊಂಡ್ರೆ ಬಿಡಲ್ಲ.”

“ಹಿಡ್ಕೊಂಡು?”

“ಹಿಡ್ಕೊಂಡು ತೋರಿಸುತ್ತೆ.”

“ಯಾರಿಗೆ?”

ಅವರ ಕಣ್ಣು, ನನ್ನ ಕಣ್ಣಿನ ಜೊತೆಗೇ, ದೋಣಿಯ ಮುಂಭಾಗದ ಬಂದೂಕಿನ ಕಡೆಗೆ ಹೋಯಿತು. “ಅದು ಬೇರೆ ಟೀಮ್,” ಎಂದರು.

“ಆ ಬಂದೂಕು ತಾನಾಗೇ ತಿರುಗುತ್ತಾ?”

“ಅದೂ ಬೇರೆ ಟೀಮ್.”

“ಸರಿ, ಬೋಟ್ ಯಾರು ತಗೋತಾರೆ? ಯಾವ ದೇಶ? ಯಾವ ನೀರು?”

“ಸೇಲ್ಸು. ಅದಂತೂ ಬೇರೆ ಬಿಲ್ಡಿಂಗೇ.”

ನಾನು ಇಕ್ಕಳ ಕೆಳಗಿಟ್ಟೆ.

ಕಿಟ್‌ನೊಂದಿಗೆ ಬಂದ ಸೂಚನಾ ಹಾಳೆ ಮೇಜಿನ ಮೇಲೆ ಹರಡಿಕೊಂಡೇ ಇತ್ತು. ಮಕ್ಕಳಿಗೂ ಅರ್ಥವಾಗುವಂತೆ ಬರೆದ ಹಾಳೆ ಅದು. ಗುಂಡಿನಿಂದ ಕಂಬಕ್ಕೊಂದು ಬಾಣ, ಕಂಬದಿಂದ ಕ್ಯಾಬಿನ್ನಿಗೊಂದು ಬಾಣ, ಬಂದೂಕಿನಿಂದ ಅಟ್ಟಕ್ಕೊಂದು ಬಾಣ. ಕೊನೆಯ ಚಿತ್ರದಲ್ಲಿ ಎಲ್ಲವೂ ಒಂದೇ ದೋಣಿ. ಒಂದು ತುಂಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಆ ಹಾಳೆ ಎಲ್ಲಿಯೂ ನಟಿಸುವುದಿಲ್ಲ. ಪ್ಲಾಸ್ಟಿಕ್ ಆಟಿಕೆಯ ಕಾಗದಕ್ಕಿರುವ ಈ ಪ್ರಾಮಾಣಿಕತೆ, ಅದೇ ದೋಣಿಯನ್ನು ಉಕ್ಕಿನಲ್ಲಿ ಕಟ್ಟುವ ಓದಿದ, ಒಳ್ಳೆಯ, ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುವ ಜನರಿಗೆ ಏಕೆ ಇಲ್ಲ? ಭಾವ ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ದಾರಿ ಸುಲಭವಿತ್ತು. ಅವರು ಹಿತ್ತಲಿಗೆ ಬಂದು ಗಿಡ ತಿನ್ನುವ ಜಿಂಕೆಯನ್ನು ಓಡಿಸಲೂ ಚಪ್ಪಾಳೆ ಮಾತ್ರ ತಟ್ಟುವ ಮನುಷ್ಯ.

ಕ್ಯಾಮೆರಾ ಗುಂಡನ್ನು ಕೈಚೀಲದಲ್ಲಿದ್ದ ಹಿತ್ತಾಳೆಯ ಕುಂಕುಮದ ಭರಣಿಗೆ ಹಾಕಿ ಮುಚ್ಚಳ ತಿರುಗಿಸಿದೆ.

“ಏನಿದು, ಕಿಡ್ನ್ಯಾಪಾ?” ಭಾವ ಇನ್ನೂ ತಮಾಷೆಯ ದನಿಯಲ್ಲೇ ಕೇಳಿದರು.

“ಹೌದು. ಆಫೀಸ್‌ನಲ್ಲಿ ಒಂದೇ ಒಂದು ಸಲ ಕೇಳಿ, ಭಾವ. ಈ ಬೋಟ್ ಯಾರ ಕೈಗೆ ಹೋಗುತ್ತೆ ಅಂತ. ಕೆಲಸ ಬಿಡಿ ಅಂತ ನಾನು ಹೇಳ್ತಿಲ್ಲ. ಕೇಳಿ. ಕೇಳಿದ ದಿನ ಇದನ್ನ ಅಂಟಿಸಿಕೊಡ್ತೀನಿ.”

ಇಷ್ಟೇ ನನ್ನ ಬೇಡಿಕೆ. ಇಡೀ ಕಂಪನಿಯ ನೀತಿಯನ್ನು ಬದಲಿಸಲು ಹೊರಟವಳಲ್ಲ ನಾನು. ಒಬ್ಬ ಮನುಷ್ಯ, ತಾನು ಮಾಡಿದ ವಸ್ತು ಎಲ್ಲಿಗೆ ಹೋಗುತ್ತದೆಂದು ತನ್ನ ಬಾಯಿಂದ ಒಮ್ಮೆ ಕೇಳಬೇಕಿತ್ತು. ಆದರೆ ಮುಂದಿನ ಶನಿವಾರ ನಾನು ವಿಚಾರಿಸಿದರೆ “ಮೀಟಿಂಗ್ ಇತ್ತು” ಎಂದರು. ಅದರ ಮುಂದಿನ ವಾರ “ಮ್ಯಾನೇಜರ್ ವೆಕೇಶನ್‌ನಲ್ಲಿದಾರೆ” ಎಂದರು. ಮೂರನೆಯ ಸಲ, ಟೂ ಎಯ್ಟಿ ಸೆವೆನ್ ಹೈವೇಯ ಟ್ರಾಫಿಕ್ಕಿನಲ್ಲಿ ಕಾರು ನಿಂತಿರುವಾಗ, ಸಿಟ್ಟಾದರು.

“ನಿಂಗೊಂದು ವಿಷಯ ಗೊತ್ತಾ? ವೀಸಾ ಮೇಲಿದ್ದಾಗ ನಾವು ಏನನ್ನೂ ಕೇಳ್ತಿರಲಿಲ್ಲ. ಸಂಬಳ ಯಾಕೆ ಏರಿಸಿಲ್ಲ ಅಂತ ಕೇಳ್ತಿರಲಿಲ್ಲ. ಶನಿವಾರ ಯಾಕೆ ಬರಬೇಕು ಅಂತ ಕೇಳ್ತಿರಲಿಲ್ಲ. ಕೇಳಿದವರನ್ನ ಮೊದಲು ವಾಪಸ್ ಕಳಿಸ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಕೇಳದೇ ಇರೋದನ್ನ ಕಲಿತೇ ಇಲ್ಲಿಗೆ ಬಂದಿದೀವಿ.”

“ಈಗ ಕಾರ್ಡ್ ಬಂದಿದೆಯಲ್ಲ, ಭಾವ.”

“ಕಾರ್ಡ್ ಬಂತು. ಅಭ್ಯಾಸ ಹೋಗಲಿಲ್ಲ.” ಕಾರನ್ನು ನಾಲ್ಕಡಿ ಮುಂದಕ್ಕೆ ಬಿಟ್ಟು ಮತ್ತೆ ತಿರುಗಿಬಿದ್ದರು. “ಮತ್ತೆ ನೀನು? ನಿನ್ನ ಟೀಚಿಂಗ್ ಸಂಬಳಕ್ಕೆ ಟ್ಯಾಕ್ಸ್ ಕಟ್ತೀಯಲ್ಲ? ಆ ಬೋಟ್‌ನಲ್ಲಿ ನಿಂದೂ ಒಂದು ಬೋಲ್ಟ್ ಇದೆ. ಯಾರನ್ನ ಕೇಳಿದೆ ನೀನು?”

ತರಗತಿಯಲ್ಲಿ ಮೇಜು ಕುಟ್ಟಿ ಮಾತಾಡುವ ನಾನು ಎಕ್ಸಿಟ್ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತೆ. ನನ್ನ ರೂಮಿಗೆ ಬಂದ ಮೇಲೆ ಉತ್ತರಗಳು ಸಾಲುಗಟ್ಟಿ ಬಂದವು: ನನ್ನದೂ ಒಂದು ಬೋಲ್ಟ್ ಇದೆ ಎಂದೇ ನಾನು ಕೇಳುತ್ತಿರುವುದು, ನನ್ನನ್ನು ಆ ಕಟ್ಟಡದೊಳಕ್ಕೆ ಬಿಡುವುದಿಲ್ಲ, ನಿಮ್ಮನ್ನು ಬಿಡುತ್ತಾರೆ. ಆದರೆ ಆಗ ಕಾರಿರಲಿಲ್ಲ, ಭಾವನೂ ಇರಲಿಲ್ಲ.

ಇಷ್ಟರಲ್ಲಿ ನವರಾತ್ರಿ ಬಂತು.

ಅಕ್ಕನಿಗೆ ಗೊಂಬೆ ಕೂರಿಸುವುದೆಂದರೆ ಪ್ರಾಣ. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ-ರಾಣಿ, ರೇಷ್ಮೆ ಸೀರೆಯಲ್ಲಿ ಸುತ್ತಿಕೊಂಡು ಕ್ಯಾಬಿನ್ ಬ್ಯಾಗಿನಲ್ಲಿ ವಿಮಾನ ಹತ್ತಿ ಬಂದಿದ್ದವು. ಹೋಬೋಕನ್‌ನಲ್ಲಿ ಪುಸ್ತಕದ ಕಪಾಟಿನ ಮೇಲೆ ಅವನ್ನು ನಿಲ್ಲಿಸಿ ತೃಪ್ತಿಪಟ್ಟವಳಿಗೆ ಈ ವರ್ಷ ಮೊದಲ ಬಾರಿಗೆ ಪೂರ್ತಿ ಮೆಟ್ಟಿಲುಗಳನ್ನು ಹಾಕುವಷ್ಟು ದೊಡ್ಡ ಲಿವಿಂಗ್ ರೂಮ್ ಸಿಕ್ಕಿತ್ತು. ಶನಿವಾರ ಸಂಜೆ ಓಪನ್ ಹೌಸ್. ಸುತ್ತಲಿನ ಕನ್ನಡದವರೆಲ್ಲ ಬರುವವರಿದ್ದರು. ನಾನು ಬೆಳಿಗ್ಗೆ ಬಂದು ನೋಡಿದರೆ, ಕೆಳಗಿನ ಮೆಟ್ಟಿಲ ಮುಂದೆ ಹಿತ್ತಲಿನ ಪಾಚಿ ಹಾಸಿ ಮಾಡಿದ ಪಾರ್ಕಿನಲ್ಲಿ, ಕನ್ನಡಿಯ ಕೊಳದ ನಡುವೆ, ಆನೆ-ಕುದುರೆ-ಸಿಪಾಯಿಗಳ ಮೆರವಣಿಗೆಯ ಪಕ್ಕದಲ್ಲಿ, ನನ್ನ ಬೂದು ದೋಣಿ ಕೂತಿತ್ತು.

“ಅಕ್ಕ, ಇದು ಇನ್ನೂ ಮುಗಿದಿಲ್ಲ!”

“ಕೂರಿಸಿ ಆಯ್ತು. ಇನ್ನು ವಿಜಯದಶಮಿ ತನಕ ಅಲುಗಿಸೋ ಹಾಗಿಲ್ಲ.”

“ಯುದ್ಧದ ದೋಣಿ ಕಣೆ ಅದು.”

“ದಸರಾ ಅಂದ್ರೆ ಮತ್ತೇನು, ಟೀ ಪಾರ್ಟಿನಾ? ಕತ್ತಿ ಹಿಡಿದ ಸಿಪಾಯಿಗಳೇ ಇಲ್ವಾ ಅಲ್ಲಿ? ಸುಮ್ನೆ ಹೂ ಕಟ್ಟು ಬಾ.”

ಹೂ ಕಟ್ಟುತ್ತ ಆ ಸಿಪಾಯಿಗಳನ್ನೇ ನೋಡಿದೆ. ಅವರ ಕೈಯಲ್ಲೂ ಆಯುಧವಿದೆ, ನಿಜ. ಆದರೆ ಅವರ ರಾಜ ಮೇಲಿನ ಮೆಟ್ಟಿಲಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ನಿಂತಿದ್ದಾನೆ. ಯಾರ ಹೆಸರಿನಲ್ಲಿ ನಡೆಯುತ್ತಿದ್ದೀರಿ ಎಂದು ಕೇಳಿದರೆ ಕೈ ತೋರಿಸಲು ಅವರಿಗೊಬ್ಬನಿದ್ದಾನೆ. ನನ್ನ ನಾಲ್ವರು ಪ್ಲಾಸ್ಟಿಕ್ ನಾವಿಕರಿಗೆ ಅಷ್ಟೂ ಇರಲಿಲ್ಲ.

ಸಂಜೆ ಮನೆ ತುಂಬಿತು. ಬಾಗಿಲ ಬಳಿ ಶೂಗಳ ರಾಶಿ, ಕಡಲೆಕಾಳಿನ ಉಸಲಿಯ ಒಗ್ಗರಣೆ, ಅರಿಶಿನ-ಕುಂಕುಮದ ತಟ್ಟೆ. ಮಕ್ಕಳು ಕೊಳದ ಸುತ್ತ ಕೂತಿದ್ದವು. “ಡಸ್ ಇಟ್ ಈವನ್ ಫ್ಲೋಟ್?” ಎಂದು ಒಂದು ಹುಡುಗಿ ಕೇಳಿದಳು. ಉತ್ತರ ಕೊಡುವ ಮೊದಲೇ ಧಾರವಾಡದ ಕಡೆಯ ಆಂಟಿಯೊಬ್ಬರು ಕನ್ನಡಕ ಏರಿಸಿ ಬಗ್ಗಿದರು.

“ಏನವಾ ಇದು, ಕುರುಡು ದೋಣಿ ಕುಂದ್ರಿಸೀರಲ್ಲ? ಕಂಬದ ತುದೀಗೆ ತೂತು ಐತಿ, ಮ್ಯಾಲಿಂದೇನೋ ಬಿದ್ದ್ ಹೋಗೇತಿ ನೋಡ.”

“ಅದನ್ನ ಇನ್ನೂ ಅಂಟಿಸಬೇಕು ಆಂಟಿ,” ಅಕ್ಕನ ಮುಖ ಕೆಂಪಾಯಿತು.

“ನಮ್ಮ ಕಡೆ ಹಿಂಗ ಮೆಟ್ಟಿಲಾ ಹಾಕಿ ಗೊಂಬಿ ಕುಂದ್ರಸೂದಿಲ್ಲ ಖರೆ. ಆದ್ರ ಊನ ಇದ್ದದ್ದು ದೇವರ ಮುಂದ ಇಡಬಾರದಂತ ನಮಗೂ ಗೊತ್ತೈತಿ. ಇರ್ಲಿ ಬಿಡವಾ, ಉಸಲಿ ಅಗದೀ ಛಲೋ ಆಗೇತಿ.”

ಅವರ ಯಜಮಾನರು ಅಷ್ಟಕ್ಕೆ ಬಿಡಲಿಲ್ಲ. ಭಾವನ ಹೆಗಲ ಮೇಲೆ ಕೈ ಹಾಕಿ, “ನಿಮ್ಮ ಕಂಪನೀದಂತಲ್ಲ ಇದು. ಇದ್ರಾಗ ನಿಮ್ಮ ಪಾರ್ಟ್ ಯಾವುದ್ರೀ?” ಎಂದರು.

ಭಾವನ ತೋರುಬೆರಳು ಅಭ್ಯಾಸಬಲದಿಂದ ಕಂಬದ ತುದಿಗೆ ಹೋಯಿತು. ಅಲ್ಲಿದ್ದದ್ದು ತೂತು. ಬೆರಳು ಗಾಳಿಯಲ್ಲೇ ನಿಂತಿತು. ನನ್ನ ಕಡೆ ಒಮ್ಮೆ ನೋಡಿದರು.

“ನಮ್ಮದು... ಇನ್ನೂ ಬಂದಿಲ್ಲ ಅಂಕಲ್.”

“ಡೆಲಿವರಿ ಲೇಟ್ ಅನ್ರಿ ಹಂಗಾರ!”

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ನನಗೆ ಗೆದ್ದೆನೆಂಬ ಸಂತೋಷ ಬರಬೇಕಿತ್ತು, ಬರಲಿಲ್ಲ. ಉಸಲಿಯ ತಟ್ಟೆ ಹಿಡಿದು ನಿಂತ ಅವರ ಮುಖ ನೋಡಲಾಗದೆ ಮಕ್ಕಳ ಕಡೆಗೆ ತಿರುಗಿದೆ. ಅದರಿಂದ ನನ್ನ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು. ನಾಚಿಕೆಪಡಬೇಕಾದವರು ಯಾವುದೋ ಬೇರೆ ಬಿಲ್ಡಿಂಗಿನಲ್ಲಿ ಆರಾಮಾಗಿದ್ದರು.

ಕೊನೆಯ ಕಾರು ಡ್ರೈವ್‌ವೇ ಬಿಡುತ್ತಲೇ ಅಕ್ಕ ಆರತಿ ತಟ್ಟೆಯನ್ನು ಠಣ್ಣೆಂದು ಇಟ್ಟಳು.

“ಕೊಡು ಅದನ್ನ. ನಿಮ್ಮಿಬ್ಬರ ಡಿಬೇಟ್‌ಗೆ ನನ್ನ ಗೊಂಬೆನೇ ಬೇಕಿತ್ತಾ? ಹೊಸ ಮನೆ, ಮೊದಲನೇ ವರ್ಷ. ಕುರುಡು ದೋಣಿ ಅನ್ನಿಸಿಕೊಂಡೆ.”

ಅವಳ ಕಣ್ಣಲ್ಲಿ ನೀರಿತ್ತು. ನಾನು ಭರಣಿಯ ಮುಚ್ಚಳ ತೆಗೆದು ಗುಂಡನ್ನು ಅಂಗೈಗೆ ಸುರಿದುಕೊಂಡೆ. ಒಳಗೆ ಉಳಿದಿದ್ದ ಕುಂಕುಮ ಅಂಟಿ ಅದು ಅಲ್ಲಲ್ಲಿ ಕೆಂಪಗಾಗಿತ್ತು.

“ತಗೋ. ಆದ್ರೆ ನಾನು ಅಂಟಿಸಲ್ಲ. ಭಾವನೇ ಅಂಟಿಸಲಿ. ಅವರದು ತಾನೇ.”

ಜಗಳವಾಗುತ್ತದೆ ಎಂದುಕೊಂಡೆ. ಭಾವ ನೇರ ಬೇಸ್‌ಮೆಂಟಿಗೆ ಹೋಗಿ ಅಂಟಿನ ಸೀಸೆ ತಂದರು. ದೋಣಿಯನ್ನು ಎತ್ತಲು ಕೈ ಚಾಚಿದರು.

“ಎತ್ತಬೇಡಿ!” ಅಕ್ಕ ಕಿರುಚಿದಳು. “ಕೂರಿಸಿದ ಗೊಂಬೆ. ಅಲ್ಲಿದ್ದ ಹಾಗೇ ಮಾಡಿ.”

ಹೀಗಾಗಿ ಮೇಜಿನ ಮೇಲೆ ದೀಪ ಇಟ್ಟುಕೊಂಡು ಮಾಡುವ ಕೆಲಸವನ್ನು ಭಾವ ನೆಲದ ಮೇಲೆ ಮೊಣಕಾಲೂರಿ, ಸಿಪಾಯಿಗಳ ನಡುವೆ ಮೊಣಕೈ ತೂರಿಸಿ ಮಾಡಬೇಕಾಯಿತು. ದೋಣಿ ಕನ್ನಡಿಯ ಮೇಲೆ ಜಾರುತ್ತಿತ್ತು. ಎಡಗೈಯಲ್ಲಿ ಕ್ಯಾಬಿನ್ನನ್ನು ಒತ್ತಿ ಹಿಡಿದರು. ಬಲಗೈಯ ಕುಂಚವನ್ನು ಸೀಸೆಯಲ್ಲಿ ಪೂರ್ತಿ ಅದ್ದಿದರು.

“ಒಂದು ಹನಿ ಸಾಕು ಭಾವ, ತುಪ್ಪ ಬಡಿಸಿದ ಹಾಗೆ ಹಾಕಬೇಡಿ.”

“ಸುಮ್ನಿರ್ತೀಯಾ?”

ಗುಂಡು ಕಂಬದ ಮೇಲೆ ಕೂತಿತು. ಅದು ಗಟ್ಟಿಯಾಗುವವರೆಗೂ ಉಸಿರು ಬಿಗಿಹಿಡಿದು ಹಾಗೇ ಇದ್ದರು. ಹೆಚ್ಚಾದ ಅಂಟು ಕಂಬದಗುಂಟ ಇಳಿದು ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ಕಾಣುತ್ತಿತ್ತು. ಹೇಳಲಿಲ್ಲ. ಎಡಗೈ ತೆಗೆದಾಗ ಕ್ಯಾಬಿನ್ನಿನ ಬೂದು ಗೋಡೆಯ ಮೇಲೆ, ಬಣ್ಣವೂ ಪ್ಲಾಸ್ಟಿಕ್ಕೂ ಒಟ್ಟಿಗೆ ಕರಗಿ, ಭಾವನ ಹೆಬ್ಬೆಟ್ಟು ಸ್ಪಷ್ಟವಾಗಿ ಮೂಡಿತ್ತು.

“ಛೆ! ಇದನ್ನ ಉಜ್ಜಿ ತೆಗೀಬಹುದಲ್ಲ?”

“ತೆಗೀಬಹುದು. ಆರಿದ ಮೇಲೆ.”

“ತೆಗೆದುಕೊಡು ಮತ್ತೆ.”

“ನಂದು ಬೇರೆ ಟೀಮ್, ಭಾವ.”

ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದವಳು ನಗು ತಡೆಯಲಾರದೆ ಅಡುಗೆಮನೆಗೆ ಹೋದಳು. ಭಾವ ಕೆಮ್ಮಿದರು. ನಾನು ಉಪ್ಪುಕಾಗದದ ಹೊಸ ಹಾಳೆಯೊಂದನ್ನು ತಂದು ಅವರ ಲ್ಯಾಪ್‌ಟಾಪಿನ ಮೇಲಿಟ್ಟೆ.

ವಿಜಯದಶಮಿಯ ದಿನ ಅಕ್ಕ ಒಂದು ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸಿದಳು. ರಾಜ-ರಾಣಿ ಮತ್ತೆ ರೇಷ್ಮೆಯೊಳಗೆ ಹೋದರು. ನಾನು ಮುಂದಿನ ಸಲ ಬಂದಾಗ ದೋಣಿ ಆಫೀಸಿಗೆ ಹೋಗಿಯಾಗಿತ್ತು. ಉಪ್ಪುಕಾಗದ ಊಟದ ಮೇಜಿನ ಮೂಲೆಯಲ್ಲಿ, ತಂದಿಟ್ಟಾಗ ಇದ್ದಷ್ಟೇ ಒರಟಾಗಿ ಬಿದ್ದಿತ್ತು. “ಟೈಮ್ ಸಿಗಲಿಲ್ಲ ಕಣೆ” ಎಂದರು ಭಾವ, ನಾನು ಕೇಳುವ ಮೊದಲೇ. ಆ ಲಾಬಿಗೆ ಹೊರಗಿನವರನ್ನು ಬಿಡುವುದಿಲ್ಲ. ಹೆಬ್ಬೆಟ್ಟಿನ ಪಕ್ಕ ಜನರ ಕಡೆಗಿದೆಯೋ ಗೋಡೆಯ ಕಡೆಗಿದೆಯೋ ನನಗೆ ಇಂದಿಗೂ ಗೊತ್ತಿಲ್ಲ.

ಆ ಭಾನುವಾರ ನನ್ನನ್ನು ಬಿಡಲು ಹೊರಟಾಗ ರಸ್ತೆಯ ಎರಡೂ ಬದಿ ಎಲೆಗಳು ಕೆಂಪಾಗಿದ್ದವು. ಭಾವ ರೇಡಿಯೋ ಹಾಕಿದರು, ಆರಿಸಿದರು.

“ಕೇಳಿದೆ,” ಎಂದರು.

ನಾನು ತಿರುಗಿ ಕೂತೆ. “ಏನನ್ನ?”

“ನೀನು ಹೇಳಿದ್ದನ್ನೇ. ಬೋಟ್ ಇಡೋಕೆ ಲಾಬಿಗೆ ಹೋದಾಗ ಮ್ಯಾನೇಜರ್ ಇದ್ದ. ನಿನ್ನ ಥಂಬ್‌ಪ್ರಿಂಟಾ ಅಂತ ನಕ್ಕ. ಹೌದು ಅಂದೆ. ಹಾಗೇ ಕೇಳಿಬಿಟ್ಟೆ, ಇದು ಯಾರಿಗೆ ಹೋಗುತ್ತೆ ಅಂತ.”

“ಏನಂದ?”

ಭಾವನ ಕೈ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿತ್ತು.

“ದಟ್ಸ್ ಅ ಡಿಫರೆಂಟ್ ಟೀಮ್ ಅಂದ. ಅಷ್ಟು ವರ್ಷ ಸರ್ವೀಸ್ ಇರೋನು. ಅವನಿಗೂ ಗೊತ್ತಿಲ್ಲ ಕಣೆ! ಹಾಗಾದ್ರೆ ಯಾವ ಟೀಮ್ ಅಂತ ಕೇಳಿದೆ. ಹೆಗಲು ಹಾರಿಸಿ ಕಾಫಿ ತರೋಕೆ ಹೋದ. ನಾನಿಲ್ಲಿ ಕೇಳ್ತಾ ಇದೀನಿ, ಅವನು ಕಾಫಿ ತರೋಕೆ ಹೋದ!”

ನನ್ನ ಇಷ್ಟು ವಾರಗಳ ಸಿಟ್ಟು ಅವರ ದನಿಯಲ್ಲಿತ್ತು. ಪಿಸ್ಕಾಟವೇಯ ಎಕ್ಸಿಟ್ ಬಂತು. ಭಾವ ಅದನ್ನು ನೋಡಲಿಲ್ಲ; ಎಡ ಲೇನಿನಲ್ಲೇ ವೇಗವಾಗಿ ಮುಂದೆ ಹೋದರು. ನಾನೂ ನೆನಪಿಸಲಿಲ್ಲ.